ಎರಡು ಸೂರ್ಯೋದಯದ ಏಕಾದಶಿ

ಉಡುಪಿಯ ಬನ್ನಂಜೆಯಿಂದ ಅತ್ತೆ-ಮಾವ ಬಂದು ವಾರವಾಯಿತು, ಏಕಾದಶಿ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಮೂಲ ಕಾರಣ ಅವರ ಮಗರಾಯ. ಅಗ್ಗಕ್ಕೆ ಸಿಕ್ಕಿತೆಂದು ಸರಿಯಾಗಿ ಏಕಾದಶಿ ಉಪವಾಸದ ದಿನಕ್ಕೇ ಟಿಕೆಟ್ ಮಾಡಿಸಿದ್ದರು. ಅತ್ತೆಯೂ ಖುಷಿಯಲ್ಲೇ ಇದ್ದರು: "ಒಳ್ಳೇದೇ ಆಯ್ತು, ಪ್ಲೇನಿನ ಮುಸುರೆ ತಿನ್ನುವುದು ತಪ್ಪಿತು."

ಬನ್ನಂಜೆ ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಬಸ್ಸು ಹತ್ತಿ, ಶಿರಾಡಿ ಘಾಟಿ ದಾಟಿ ಬೆಂಗಳೂರು ಸೇರಲು 400 ಕಿಲೋಮೀಟರ್. ಅದಕ್ಕೇ ಹತ್ತು ಗಂಟೆ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 14,000 ಕಿಲೋಮೀಟರ್. ನೇರ ವಿಮಾನಕ್ಕೆ ಹದಿನಾರು ಗಂಟೆ. (ಈ ಲೆಕ್ಕದಲ್ಲಿ ಶಿರಾಡಿಯ ಆಚೆ ಇರುವುದೇ ನಿಜವಾದ ವಿದೇಶ.) ಸೋಮವಾರ ಮಧ್ಯಾಹ್ನ ಎರಡೂವರೆಗೆ ಹೊರಟವರು ಸೋಮವಾರವೇ ಸಂಜೆ ಐದಕ್ಕೆ ಇಲ್ಲಿ ಇಳಿದರು. ಚಳಿಗಾಲದಲ್ಲಿ ನಮ್ಮ ಗಡಿಯಾರ ಊರಿಗಿಂತ ಹದಿಮೂರೂವರೆ ಗಂಟೆ ಹಿಂದೆ.

ಮನೆಗೆ ಬಂದು ಕೈಕಾಲು ತೊಳೆದದ್ದೇ ಮಾವ ಅವಲಕ್ಕಿ ಡಬ್ಬಿಗೆ ಕೈ ಹಾಕಿದರು. ಅವರ ವಾಚಿನಲ್ಲಿ ಇನ್ನೂ ಬನ್ನಂಜೆಯೇ ಓಡುತ್ತಿತ್ತು.

"ಊರಲ್ಲಿ ಮಂಗಳವಾರ ಬೆಳಿಗ್ಗೆ ಒಂಬತ್ತು. ಮಠದಲ್ಲಿ ದ್ವಾದಶಿ ಊಟವಾಗಿ ಎಲೆ ಎತ್ತಿಯೂ ಆಯ್ತು, ಮಾರಾಯ್ತಿ!"

"ಹೊರಗೆ ಕತ್ತಲೆ ಉಂಟು. ಸೂರ್ಯ ಹುಟ್ಟದೆ ಎಂತ ಪಾರಣೆ?"

"ಹುಟ್ಟಿದ್ದಾನಲ್ಲ! ಪ್ಲೇನಿನ ಕಿಟಕಿಯಲ್ಲಿ ನೀನೇ ಕೈ ಮುಗಿದದ್ದು!"

ಅತ್ತೆ ಒಂದು ಕ್ಷಣ ತಬ್ಬಿಬ್ಬಾದರು. ಪೂರ್ವಕ್ಕೆ ಹಾರಿದ ವಿಮಾನ ಪೆಸಿಫಿಕ್ ಮೇಲೆ ರಾತ್ರಿ ಕಳೆದು ಬೆಳಗು ಕಂಡಿತ್ತು. ಆಗ ನನ್ನ ಮಗಳು ಟ್ಯಾಬ್ ಹಿಡಿದು ತೀರ್ಪು ಕೊಟ್ಟಳು: "ದಿನಾಂಕ ರೇಖೆ ದಾಟಿದ್ರೆ ಮತ್ತೆ ಸೋಮವಾರವೇ, ಅಜ್ಜ." ಅಂದರೆ ಒಂದೇ ಏಕಾದಶಿಗೆ ಎರಡು ಸೂರ್ಯೋದಯ! ಕನ್ನಡ ಸರಿಯಾಗಿ ಬಾರದ ಮೊಮ್ಮಗಳೆಂದು ದಾರಿಯುದ್ದಕ್ಕೂ ಬೈದಿದ್ದ ಅತ್ತೆ ಅವಳನ್ನು ತಬ್ಬಿಕೊಂಡರು.

ಮಾವ ಬಿಡುವ ಪೈಕಿಯೇ? ಕೈ ಡಬ್ಬಿಯೊಳಗೇ ಇಟ್ಟುಕೊಂಡು ಪಾಠ ಶುರು ಮಾಡಿದರು. ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ಸರಿದರೆ ಒಂದು ತಿಥಿ. ಅದು ಮುಗಿಯುವ ಕ್ಷಣ ಬನ್ನಂಜೆಗೂ ಅಮೆರಿಕಕ್ಕೂ ಒಂದೇ. ಆದ್ದರಿಂದ ಏಕಾದಶಿ ಮುಗಿದಿದೆ, ಅವಲಕ್ಕಿಗೆ ಮೊಸರು ತನ್ನಿ.

ಲೆಕ್ಕ ಸರಿಯೇ ಇತ್ತು. ಅತ್ತೆ ಜಗ್ಗಲಿಲ್ಲ. "ತಿಥಿ ಆಕಾಶದ್ದು, ಉದಯ ಆಯಾ ಊರಿನದು. ನಿಮಗೆ ಬೇಕಾದರೆ ತಿನ್ನಿ."

ಆ 'ಬೇಕಾದರೆ' ಕೇಳಿದ ಮೇಲೂ ತಿನ್ನುವ ಗಂಡಸು ಉಡುಪಿಯಲ್ಲಿ ಹುಟ್ಟಿಲ್ಲ. ಮಾವ ಮುಚ್ಚಳ ಹಾಕಿದರು. ಮರುದಿನ ಆರು ಗಂಟೆಗೇ ಮಂಕಿ ಕ್ಯಾಪ್ ಹಾಕಿಕೊಂಡು ಬಾಲ್ಕನಿಯಲ್ಲಿ ಸೂರ್ಯನಿಗೆ ಕಾದು ನಿಂತಿದ್ದರು. ಮಂಜು ಕವಿದು ಅವನೂ ಕೈಕೊಟ್ಟ. ಕೊನೆಗೆ ಅತ್ತೆಯೇ ಕರಗಿ, "ಹುಟ್ಟಿರಬಹುದು, ಬನ್ನಿ" ಎಂದು ಮೊದಲ ತಟ್ಟೆ ಅವರ ಮುಂದಿಟ್ಟರು.

ಮಾವ ಈಗ ಹೊಸ ಸಂಶೋಧನೆಯಲ್ಲಿದ್ದಾರೆ. 2021ರ ಜನವರಿ 9ರ ರಾತ್ರಿ ಮಹಿಳಾ ಪೈಲಟ್‌ಗಳೇ ಇಲ್ಲಿಂದ ಬೆಂಗಳೂರಿಗೆ ಹಾರಿಸಿದ ಏರ್ ಇಂಡಿಯಾದ ಮೊದಲ ನೇರ ವಿಮಾನ ಅಲ್ಲಿ ಇಳಿದದ್ದು 11ರ ಬೆಳಗಿನ ಜಾವ. ನಡುವಿನ ಹತ್ತನೇ ತಾರೀಕು ಆಕಾಶದಲ್ಲೇ ಮಾಯ. ಪಂಚಾಂಗ ಮಡಿಲಲ್ಲಿಟ್ಟುಕೊಂಡು, ಏಕಾದಶಿ ಹಾಗೆ ಮಾಯವಾಗುವ ದಿನಕ್ಕೇ ವಾಪಸು ಟಿಕೆಟ್ ಹುಡುಕುತ್ತಿದ್ದಾರೆ. ಓದುಗರೇ, ಅತ್ತೆಗೆ ಮಾತ್ರ ಹೇಳಬೇಡಿ.