ಏಸಿ ಪಾಪಕ್ಕೆ ಎಷ್ಟು ನಮೋ ಮರಿಯ?

ಈ ಸಲದ ತಪಸ್ಸು ಕಾಲದಲ್ಲಿ ಪಾಪನಿವೇದನೆಗೆ ಹೊರಟರೆ ನನ್ನ ಬಳಿ ಹೇಳಿಕೊಳ್ಳುವಂಥ ಪಾಪಗಳೇ ಇರಲಿಲ್ಲ. ದೊಡ್ಡ ಪಾಪಗಳಿಗೆ ಮಂಡಿನೋವು ಬಿಡುವುದಿಲ್ಲ. ಸಣ್ಣಪುಟ್ಟವನ್ನು ಹೋದ ವರ್ಷವೇ ಒಪ್ಪಿಸಿಯಾಗಿದೆ. ಹಾಗಾಗಿ ಹೊಸದೊಂದನ್ನು ಹುಡುಕಿಕೊಂಡು ಹೋಗಿ ಮಂಡಿಯೂರಿದೆ: “ಫಾದರ್, ರಾತ್ರಿಯಿಡೀ ಏಸಿಯನ್ನು ಹದಿನೆಂಟರಲ್ಲಿಟ್ಟು ಎರಡು ಕಂಬಳಿ ಹೊದ್ದು ಮಲಗಿದ್ದೇನೆ.” ಜಾಲರಿಯ ಆಚೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ “ಮತ್ತೆ?” ಎಂದರು. ತಿಂಡಿ ಮುಗಿಸಿ ಊಟಕ್ಕೆ ಕಾಯುವವರ ದನಿ ಅದು.

ನಾನು ತಮಾಷೆಗೆ ಹೇಳಿದ್ದಲ್ಲ ಸ್ವಾಮಿ. ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ ‘ಲಾವ್ದಾತೊ ಸಿ’ ವಿಶ್ವಪತ್ರದ 55ನೇ ಪರಿಚ್ಛೇದದಲ್ಲಿ ಏಸಿಯ ಹೆಸರು ಹಿಡಿದೇ ಬರೆದಿದ್ದಾರೆ. 2019ರ ನವೆಂಬರಿನಲ್ಲಿ, ಪರಿಸರದ ವಿರುದ್ಧದ ಪಾಪವನ್ನು ಧರ್ಮೋಪದೇಶದ ಗ್ರಂಥಕ್ಕೇ ಸೇರಿಸುವ ಮಾತಾಡಿದ್ದರು. ವಿಶ್ವಪತ್ರದ 211ನೇ ಪರಿಚ್ಛೇದವಂತೂ ಥೇಟ್ ನಮ್ಮ ಅಜ್ಜಿಯ ಬೈಗುಳ: ದೀಪ ಆರಿಸಿ, ತಿನ್ನುವಷ್ಟೇ ಬೇಯಿಸಿ, ನೀರು ಚೆಲ್ಲಬೇಡಿ, ಕಸ ಬೇರೆ ಮಾಡಿ, ಬಸ್ಸು ಹತ್ತಿ, ಇಲ್ಲವೇ ನಾಲ್ಕು ಜನ ಒಂದೇ ಕಾರಿನಲ್ಲಿ ಹೋಗಿ. ಅಜ್ಜಿ ಇದನ್ನು ಕೊಂಕಣಿಯಲ್ಲಿ, ಕೈಯಲ್ಲಿ ಸೌಟು ಹಿಡಿದು ಹೇಳುತ್ತಿದ್ದಳು.

ಇದರಲ್ಲಿ ಯಾವುದಕ್ಕೂ ಕಾಸು ಖರ್ಚಿಲ್ಲ. ತೊಂದರೆಯಾದದ್ದೇ ಅಲ್ಲಿ. ಖರ್ಚಿಲ್ಲದ್ದಕ್ಕೆ ಪ್ರಾಯೋಜಕರು ಸಿಗುವುದಿಲ್ಲ, ಪ್ರಾಯೋಜಕರಿಲ್ಲದೆ ವೇದಿಕೆ ಇಲ್ಲ, ನಲ್ಲಿ ಬಂದ್ ಮಾಡಿದವನಿಗೆ ಶಾಲು ಹೊದಿಸುವವರಾದರೂ ಯಾರು? ಆದ್ದರಿಂದ ನಮ್ಮ ಮಂಗಳೂರು ಸೀಮೆಯ ಪುಟ್ಟ ಧರ್ಮಕೇಂದ್ರದಲ್ಲಿ ಪರಿಸರ ಸಮಿತಿ ಹುಟ್ಟಿತು. ಸಮಿತಿಯ ಮೊದಲ ಕೆಲಸ ಫ್ಲೆಕ್ಸ್. ರಾಜ್ಯದಲ್ಲಿ ಫ್ಲೆಕ್ಸ್ ನಿಷೇಧವಾದದ್ದು 2016ರ ಮಾರ್ಚಿನಲ್ಲಿ ಎಂದು ನಾನು ನೆನಪಿಸಿದ್ದಕ್ಕೆ, “ಇದು ಜಾಗೃತಿಯ ಫ್ಲೆಕ್ಸ್, ಅದಕ್ಕೆ ತಗಲುವುದಿಲ್ಲ” ಎಂದರು ನಮ್ಮ ವಾರ್ಡಿನ ಮುಖಂಡರಾದ ಗುರಿಕಾರರು. ಎಡಕ್ಕೆ ವಿಗಾರರು, ಬಲಕ್ಕೆ ಉಪಾಧ್ಯಕ್ಷರು, ನಡುವೆ ಚಿನ್ನದಂಗಡಿ, ಕೆಳಗೆ ಅಂಚೆಚೀಟಿಯಷ್ಟು ಜಾಗದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್. 1979ರಿಂದ ಪರಿಸರದ ಪಾಲಕ ಸಂತರೆಂದು ಘೋಷಿತರು, ಪಾಪ, ಅಷ್ಟಾದರೂ ಜಾಗ ಸಿಕ್ಕಿತಲ್ಲ. ಕಾರ್ಯಕ್ರಮ ಮುಗಿದ ಮೇಲೆ ಆ ಫ್ಲೆಕ್ಸ್ ಗುರಿಕಾರರ ಸೌದೆ ಕೊಟ್ಟಿಗೆಗೆ ಸೂರಾಯಿತು. ಮಳೆಗಾಲ ಪೂರ್ತಿ ಸಂತರು ತೆಂಗಿನ ಮಡಲು ಕಾದರು. ಸಮಿತಿಯ ವರದಿಯಲ್ಲಿ ‘ಮರುಬಳಕೆ’ ಎಂಬ ತಲೆಬರಹದಡಿ ಇದೂ ಬಂದಿದೆ.

ಮೊಂತಿ ಫೆಸ್ತ್ ಕಥೆ ಇನ್ನೂ ಸೊಗಸು. ಸೆಪ್ಟೆಂಬರ್ 8, ಮರಿಯಮ್ಮನ ಹುಟ್ಟುಹಬ್ಬ, ಕರಾವಳಿಯ ನಮಗೆ ತೆನೆ ಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂವು ತಂದು ಬಾಲಮರಿಯಳಿಗೆ ಅರ್ಪಿಸಬೇಕು. ನಾವು ಚಿಕ್ಕವರಿದ್ದಾಗ ಬೇಲಿಯ ದಾಸವಾಳ, ಗುಡ್ಡದ ಕೇಪಳ, ಗೋರಂಟೆ, ಅದೂ ಸಾಲದಿದ್ದರೆ ಪಕ್ಕದ ಮನೆಯ ಬಾಯಮ್ಮ ಏಳುವ ಮೊದಲೇ ಅವರ ಅಂಗಳದ್ದು. (ಆ ಕಳ್ಳತನವನ್ನು ನಿವೇದಿಸಿಕೊಂಡಿದ್ದೇನೆ, ಎರಡು ಸಲ.) ಈಗ ಬೇಲಿಯ ಜಾಗದಲ್ಲಿ ಕಾಂಪೌಂಡು, ಅಂಗಳದ ಜಾಗದಲ್ಲಿ ಇಂಟರ್‌ಲಾಕ್. ಹೂವು ಮಾರುಕಟ್ಟೆಯಿಂದ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬರುತ್ತದೆ. ಕಳೆದ ಸಲ ಒಂದು ಪುಟಾಣಿ ಸೇವಂತಿಗೆಯ ಜೊತೆಗೆ ಕೊಟ್ಟೆಯನ್ನೂ ಭಕ್ತಿಯಿಂದ ಅರ್ಪಿಸಿತು. ಯಾರೂ ಗದರಲಿಲ್ಲ.

ಹಬ್ಬದ ದಿನ ಮನೆಮನೆಗೆ ಆಶೀರ್ವದಿಸಿದ ಭತ್ತದ ತೆನೆ. ಅದರ ಕಾಳು ಸುಲಿದು ಪುಡಿಮಾಡಿ ಪಾಯಸಕ್ಕೋ ತೆಂಗಿನ ಹಾಲಿಗೋ ಬೆರೆಸಿ ಎಲ್ಲರೂ ಕೂಡಿ ಉಣ್ಣುವುದೇ ‘ನವೆಂ’. ತೆನೆಯೇನೋ ಬೇಕು, ಗದ್ದೆ ಎಲ್ಲಿದೆ? ನಮ್ಮೂರ ಗದ್ದೆಗಳೆಲ್ಲ ಸೈಟಾಗಿ, ಸೈಟುಗಳೆಲ್ಲ ಮನೆಯಾಗಿ, ಆ ಮನೆಗಳಲ್ಲೇ ನಾವು ತೆನೆಗಾಗಿ ಕಾಯುತ್ತಾ ಕೂತಿದ್ದೇವೆ. ಘಟ್ಟದ ಬುಡದ ಯಾವುದೋ ಪುಣ್ಯಾತ್ಮ ಇನ್ನೂ ಗದ್ದೆ ಮಾರಿಲ್ಲವಂತೆ. ಅವನಲ್ಲಿಂದ ಟೆಂಪೊದಲ್ಲಿ ತೆನೆ ಬರುತ್ತದೆ. ನಾವು ಬ್ಯಾಂಡು ಬಡಿದು ಮೆರವಣಿಗೆಯಲ್ಲಿ ಅದನ್ನು ಎದುರುಗೊಂಡು, ಸೃಷ್ಟಿಯ ಕೊಡುಗೆಗಾಗಿ ದೇವರಿಗೆ ಸ್ತುತಿ ಹೇಳಿ, ಮನೆಗೆ ಬಂದು ಸೈಟಿನ ದಲ್ಲಾಳಿಗೆ ಫೋನು ಮಾಡುತ್ತೇವೆ. ಆ ದಿನ ಮಾಂಸ ಮೀನಿಲ್ಲ, ಬೆಸ ಸಂಖ್ಯೆಯ ಪಲ್ಯ, ಎಲೆಯೂಟ. ಎಲೆ ಬಾಳೆಯದೇ, ಅಂದರೆ ಬಾಳೆ ಎಲೆಯ ಚಿತ್ರ ಅಚ್ಚಾದ, ಪ್ಲಾಸ್ಟಿಕ್ ಮೆತ್ತಿದ ಕಾಗದ.

ಕ್ರಿಸ್ಮಸ್ಸಿನ ಗೋದಲಿಯ ಮಾತು ಬೇಡ. ಚಿಪ್ಪಿನಲ್ಲಿ ರಾಗಿ ಮೊಳಕೆ ಬರಿಸಿ ಹುಲ್ಲುಗಾವಲು ಮಾಡುತ್ತಿದ್ದ ಕಡೆ ಈಗ ಥರ್ಮೊಕೋಲ್ ಬೆತ್ಲೆಹೇಮು. ಅಲಂಕಾರದ ಥರ್ಮೊಕೋಲನ್ನು ದೇಶ 2022ರ ಜುಲೈ 1ರಿಂದಲೇ ನಿಷೇಧಿಸಿದೆ. ಹೆರೋದನ ಕಾಲದಿಂದಲೂ ಬೆತ್ಲೆಹೇಮಿಗೆ ಸರಕಾರದ ಕಾಟ ತಪ್ಪಿದ್ದಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇವೆ. ಒಂದು ಮಾತ್ರ ಇನ್ನೂ ಉಳಿದಿದೆ: ಹೋದ ವರ್ಷದ ಗರಿಗಳ ಭಾನುವಾರದ ಒಣಗರಿಯನ್ನು ಸುಟ್ಟು ಈ ವರ್ಷದ ಬೂದಿ ಬುಧವಾರಕ್ಕೆ ಹಣೆಗೆ ಹಚ್ಚುವುದು. ಸಮಿತಿಯ ಕಣ್ಣಿಗೆ ಇದು ಇನ್ನೂ ಬಿದ್ದಿಲ್ಲ. ಬಿದ್ದರೆ ಬೂದಿಗೂ ಸ್ಯಾಶೆ ಬಂದೀತು.

“ಮತ್ತೆ?” ಎಂದಿದ್ದರಲ್ಲ ಫಾದರ್, ಇದನ್ನೆಲ್ಲ ಹೇಳಿದೆ. ನನ್ನ ಹಿಂದಿನ ಸರದಿ ಕೆಮ್ಮಲು ಶುರುಮಾಡಿತು. ಕೊನೆಗೆ ಅವರು, “ಇವು ನಿಮ್ಮ ಪಾಪಗಳೋ ಊರವರದ್ದೋ?” ಎಂದು ಕೇಳಿದರು. ನಾನು ತಡವರಿಸಿದೆ. “ಐದು ನಮೋ ಮರಿಯ ಹೇಳಿ. ಕಾರು ಇಲ್ಲೇ ಇರಲಿ, ಮನೆಗೆ ಬಸ್ಸಿನಲ್ಲಿ ಹೋಗಿ.”

ನಮೋ ಮರಿಯ ಸುಲಭವಾಯಿತು. ಬಸ್‌ಸ್ಟ್ಯಾಂಡಿನ ಬಿಸಿಲಲ್ಲಿ ನಿಂತು ಐದು ನಿಮಿಷವಾಗಿಲ್ಲ, ಗುರಿಕಾರರ ಏಳು ಸೀಟಿನ ಕಾರು ಪಕ್ಕದಲ್ಲೇ ಬಂದು ನಿಂತಿತು. ಒಳಗೆ ಅವರೊಬ್ಬರೇ. “ಹತ್ತಿ ಹತ್ತಿ, ಇಬ್ಬರು ಒಂದೇ ಕಾರಿನಲ್ಲಿ ಹೋದರೆ ಪೋಪ್ ಹೇಳಿದ ಹಾಗೇ ಆಯಿತಲ್ಲ!” ಹಿಂದಿನ ಐದು ಸೀಟುಗಳ ತುಂಬ ಕಾಲು ಲೀಟರಿನ ನೀರಿನ ಬಾಟಲಿಗಳ ಪೆಟ್ಟಿಗೆ, ನಾಳೆಯ ಪರಿಸರ ಶಿಬಿರಕ್ಕಂತೆ. ಮುಂದಿನ ಸೀಟಿನಲ್ಲಿದ್ದ ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲಿಟ್ಟು, ಏಸಿಯನ್ನು ಹದಿನೆಂಟಕ್ಕೆ ಇಳಿಸಿದರು. ಇದು ಪ್ರಾಯಶ್ಚಿತ್ತದ ಲೆಕ್ಕಕ್ಕೋ ಮುಂದಿನ ವರ್ಷದ ಪಾಪದ ಲೆಕ್ಕಕ್ಕೋ ಎಂದು ನಾನು ಯೋಚಿಸುತ್ತಿರುವಾಗ, ನಮ್ಮ ಕಾರು ಅಡ್ಡ ನಿಂತಿದ್ದರಿಂದ ಸ್ಟ್ಯಾಂಡಿಗೆ ಬರಲಾಗದೆ ಬಸ್ಸು ಹಿಂದಿನಿಂದ ಹಾರ್ನ್ ಹೊಡೆಯತೊಡಗಿತು.