ಎರಡನೆಯ ಸಿಲಿಂಡರ್

ನಮ್ಮಮ್ಮನ ಬಳಿ ಎಲ್ಲ ಕಷ್ಟಕ್ಕೂ ಒಂದೇ ಗಾದೆ: ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನೇನೋ?’ ಹಾಲು ಒಡೆದರೂ ಅದೇ, ತಿಂಗಳ ಕೊನೆಗೆ ನನ್ನ ಜೇಬು ಒಣಗಿದರೂ ಅದೇ. ದೇವರು ಹುಲ್ಲು ಮೇಯಿಸುವುದಿಲ್ಲ ಎಂಬುದಕ್ಕೆ ನನ್ನದೂ ಒಪ್ಪಿಗೆಯೇ. ಆದರೆ ಅವನು ಉಣಿಸಬೇಕೆಂದಿರುವ ಅಕ್ಕಿ, ಬೇಳೆ, ಸೊಪ್ಪನ್ನು ಅಂಗಡಿಯಿಂದ ಹೊತ್ತು ತರುವ ಎತ್ತು ನಾನು. ನಂಬುವುದು ಅಮ್ಮನ ಕೆಲಸ, ಚೀಲ ಹಿಡಿಯುವುದು ನನ್ನದು.

ಕಲ್ಲಿನೊಳಗಿನ ಕಪ್ಪೆಗೂ ಆಹಾರ ಒದಗಿಸುವವನೊಬ್ಬ ಇದ್ದಾನೆಂದು ಕನಕದಾಸರು ಮನಸ್ಸಿಗೆ ಧೈರ್ಯ ಹೇಳಿದರು. ಚಿಕ್ಕಂದಿನಿಂದಲೂ ಆ ಕಪ್ಪೆಯ ಮೇಲೆ ನನಗೊಂದು ಹೊಟ್ಟೆಕಿಚ್ಚು. ಅದಕ್ಕೆ ಬಾಡಿಗೆಯಿಲ್ಲ, ಮಕ್ಕಳ ಸ್ಕೂಲ್ ಫೀಸಿಲ್ಲ, ಹೇಳದೆ ಕೇಳದೆ ಬಂದಿಳಿಯುವ ನೆಂಟರಿಲ್ಲ. ಬಂದರೂ ಕಲ್ಲಿಗೆ ಬಾಗಿಲೆಲ್ಲಿ?

ನಾನೂ ದೇವರನ್ನು ನಂಬುತ್ತೇನೆ. ಅಡುಗೆಮನೆಯ ಮೂಲೆಯಲ್ಲಿ ಸೀಲು ಒಡೆಯದ ಎರಡನೆಯ ಸಿಲಿಂಡರ್ ಇದ್ದರೆ ಇನ್ನಷ್ಟು ಗಟ್ಟಿಯಾಗಿ ನಂಬುತ್ತೇನೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಬಸವಣ್ಣನವರ ಮಹಾಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದರು. ಒಂದು ದಿನ ಹೆಚ್ಚು ತಂದಾಗ, ಮಿಕ್ಕದ್ದನ್ನು ಅಲ್ಲೇ ಸುರಿದು ಬನ್ನಿ ಎಂದು ಹೆಂಡತಿ ಲಕ್ಕಮ್ಮ ವಾಪಸು ಕಳಿಸಿದರಂತೆ. ಲಕ್ಕಮ್ಮ ನಮ್ಮ ಅಟ್ಟ ನೋಡಬೇಕಿತ್ತು! ಒಂದಕ್ಕೊಂದು ಉಚಿತವೆಂದು ನಾನು ತಂದಿಟ್ಟಿರುವ ಪಾತ್ರೆ ಸೋಪು ಇನ್ನೆರಡು ವರ್ಷಕ್ಕೆ ಸಾಕು. ದೇವರಿಗೆ ನಾಳೆ ಮರೆವು ಬಂದರೂ ನಮ್ಮನೆ ಪಾತ್ರೆಗಳು ಬೆಳಗುತ್ತಿರುತ್ತವೆ.

ಮೊನ್ನೆ ಭಾನುವಾರ. ಎಂದಿನಂತೆ ರಾತ್ರಿ ಮಿಕ್ಕ ಅನ್ನದ ಚಿತ್ರಾನ್ನ ತಿಂದು, ಎಂದಿನಂತೆ ಗೊಣಗುತ್ತ ಕುಳಿತಿದ್ದೆ. ಶಿವಮೊಗ್ಗದ ಚಿಕ್ಕಪ್ಪನ ಸಂಸಾರ, ಒಟ್ಟು ಆರು ಜನ, ‘ದಾರಿಯಲ್ಲಿದ್ದೀವಿ, ಊಟಕ್ಕೆ ಬರ್ತೀವಿ’ ಅಂತ ಫೋನು ಮಾಡಿದರು. ಕುಕ್ಕರ್ ಒಂದು ಸಲ ಕೂಗಿತ್ತು, ಅಷ್ಟೆ. ಒಲೆಯ ನೀಲಿ ಉರಿ ಹಳದಿಯಾಗಿ, ಬಾಡಿ, ಆರಿಹೋಯಿತು. ಇಂಡಕ್ಷನ್ ಒಲೆ ಹಚ್ಚೋಣವೆಂದರೆ ಕರೆಂಟೂ ಭಾನುವಾರದ ರಜೆಯಲ್ಲಿತ್ತು. ‘ಇಂಥ ಹೊತ್ತಿಗೇ ಅಲ್ಲವೇ ನಾನು ಎರಡನೆಯದನ್ನು ಇಟ್ಟಿರೋದು’ ಎನ್ನುತ್ತ ಮೂಲೆಗೆ ಹೋದೆ. ಅಲ್ಲಿ ಅದು ನಿಂತಿದ್ದ ಜಾಗದ ಗುಂಡನೆಯ ತುಕ್ಕಿನ ಗುರುತು ಮಾತ್ರ ಇತ್ತು.

‘ಅದನ್ನ ಮೇಲಿನ ಮನೆ ಹುಡುಗಿಗೆ ಕೊಟ್ಟೆ ಕಣೋ’ ಎಂದಳು ಅಮ್ಮ. ‘ಹೋದ ವಾರ ಅವಳದು ಮುಗಿದಿತ್ತು. ಕೈಗೂಸು ಬೇರೆ.’

‘ನಮ್ಮದು ಮುಗಿದರೆ?’

‘ದೇವರಿದ್ದಾನೆ.’

ಇದ್ದಾನೆ ಸರಿ, ಅವನ ಹೆಸರಲ್ಲಿ ಗ್ಯಾಸ್ ಕನೆಕ್ಷನ್ ಇಲ್ಲವಲ್ಲ! ಏಜೆನ್ಸಿಗೆ ಫೋನು ಮಾಡಿದರೆ ಮಂಗಳವಾರ ಎಂದರು. ಹೆಂಡತಿ ನನ್ನನ್ನು ನೋಡಿದಳು, ನಾನು ಅಮ್ಮನನ್ನು, ಅಮ್ಮ ದೇವರ ಪಟವನ್ನು. ಪಟದಲ್ಲಿದ್ದ ಅನ್ನಪೂರ್ಣೇಶ್ವರಿ ಸೌಟು ಹಿಡಿದೇ ನಿಂತಿದ್ದಳು. ಒಲೆಯ ಚಿಂತೆ ಅವಳಿಗಿರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ದನಿ: ‘ಅಮ್ಮಾ, ನಮ್ಮ ಸಿಲಿಂಡರ್ ನಿನ್ನೆ ಬಂತು. ನಿಮ್ದು ಇಲ್ಲೇ ಇಟ್ಟಿದ್ದೀನಿ, ತಗೊಂಡು ಹೋಗ್ತೀರಾ?’

ಅಮ್ಮ ಗಾದೆ ಹೇಳಲಿಲ್ಲ. ಹುಬ್ಬು ಹಾರಿಸಿದಳು, ಅಷ್ಟೆ. ಸಿಲಿಂಡರಿನಲ್ಲಿ ಗ್ಯಾಸೇ 14.2 ಕೆಜಿ, ಕಬ್ಬಿಣದ ಭಾರ ಬೇರೆ. ಎರಡು ಮಹಡಿ ಇಳಿಸುವಾಗ ನನಗೆ ತಿಳಿದದ್ದಿಷ್ಟು: ಕೊಡುವವನು ಅವನಾದರೂ ಸೊಂಟ ನನ್ನದೇ.

ರಾತ್ರಿ ಆ ಸೊಂಟಕ್ಕೆ ನೀಲಗಿರಿ ಎಣ್ಣೆ ತಿಕ್ಕುತ್ತ ಅಮ್ಮ ಅಪ್ಪನ ಮಾತು ತೆಗೆದಳು. ಅಪ್ಪ ಮೈಸೂರಿನಲ್ಲಿ ವಾರಾನ್ನ ಉಂಡು ಓದಿದವರು. ದಿನಕ್ಕೊಂದು ಮನೆಯಂತೆ ಏಳು ಮನೆ ಗೊತ್ತು ಮಾಡಿಕೊಂಡರೆ ಬಡ ಹುಡುಗನ ವಾರ ತುಂಬುತ್ತಿದ್ದ ಕಾಲ. ಅಪ್ಪನಿಗೆ ಸಿಕ್ಕಿದ್ದು ಆರೇ ಮನೆ, ಶನಿವಾರ ಖಾಲಿ. ಮಾನಕ್ಕಂಜಿ, ಕೇಳಿದವರಿಗೆಲ್ಲ ‘ಶನಿವಾರ ಉಪವಾಸ, ಆಂಜನೇಯನ ವ್ರತ’ ಎನ್ನುತ್ತಿದ್ದರಂತೆ. ಎಂಥ ದೈವಭಕ್ತ ಹುಡುಗನೆಂದು ಎಲ್ಲರೂ ಮೆಚ್ಚಿದರು. ವ್ರತ ಕೆಡಿಸಿದ ಪಾಪ ನಮಗೇಕೆಂದು ಒಬ್ಬರೂ ಊಟಕ್ಕೆ ಕರೆಯಲಿಲ್ಲ!

ನಾವಿಬ್ಬರೂ ನಕ್ಕೆವು. ಆಮೇಲೆ ಅಮ್ಮ ಎಣ್ಣೆ ಸೀಸೆಯ ಮುಚ್ಚಳ ಹಾಕುತ್ತ, ‘ಅದಕ್ಕೇ ಶನಿವಾರ ರಾತ್ರಿ ಒಂದು ಪಾವು ಅಕ್ಕಿ ಜಾಸ್ತಿ ಹಾಕೋದು. ಯಾರ ಶನಿವಾರ ಖಾಲಿ ಇದೆಯೋ, ಯಾರಿಗ್ಗೊತ್ತು?’ ಎಂದಳು.

ಇಷ್ಟು ವರ್ಷ ಅಮ್ಮನಿಗೆ ಅಳತೆ ತಪ್ಪುತ್ತದೆಂದೇ ತಿಳಿದಿದ್ದೆ. ಕೆಲವು ಶನಿವಾರ ಯಾರಾದರೂ ಬಂದು ಉಣ್ಣುತ್ತಾರೆ. ಯಾರೂ ಬಾರದ ಶನಿವಾರದ ಅನ್ನ, ಭಾನುವಾರ ಬೆಳಿಗ್ಗೆ ಒಗ್ಗರಣೆ ಬಿದ್ದು ನನ್ನ ತಟ್ಟೆಗೆ ಬರುತ್ತದೆ. ಈಗಲೂ ಮುಖ ಸಿಂಡರಿಸುತ್ತೇನೆ. ಅಮ್ಮ ಇನ್ನೊಂದು ಸೌಟು ಬಡಿಸುತ್ತಾಳೆ:

‘ತಿನ್ನೋ, ಹುಲ್ಲಂತೂ ಅಲ್ಲವಲ್ಲ.’