ಸರೋಜತ್ತೆಯ ತಲೆ

ಮೈಸೂರಿನ ನಮ್ಮ ಸರೋಜತ್ತೆ ಎರಡನೇ ಸಲ ಆಕಳಿಸಿದರೆ ಮಾವ ಟೀವಿ ಆರಿಸುತ್ತಾರೆ. ಮೂರನೆಯದಕ್ಕೆ ಕಿಟಕಿಯ ಪರದೆ ಎಳೆಯುತ್ತಾರೆ. ಅಷ್ಟರಲ್ಲಿ ಅತ್ತೆ ಡಬ್ಬಿ ತಡಕಿ ಕೊಬ್ಬರಿ ಮಿಠಾಯಿ ತಿನ್ನತೊಡಗಿದರೆ ಮುಗಿಯಿತು. ಅರೆತಲೆನೋವು ಬೆಂಗಳೂರು ಬಿಟ್ಟು ಚನ್ನಪಟ್ಟಣ ದಾಟಿದೆ! ಪಕ್ಕದ ಮನೆಯ ಒಗ್ಗರಣೆಗೆ ಮೂಗು ಮುಚ್ಚಿಕೊಂಡರೆ ಮಂಡ್ಯ. ಕಣ್ಣಂಚಿನಲ್ಲಿ ಅಂಕುಡೊಂಕು ಬೆಳಕು ಮಿನುಗಿದರೆ ಗಾಡಿ ಪ್ಲಾಟ್‌ಫಾರ್ಮಿಗೇ ಬಂದಂತೆ. ಬಂದದ್ದು ಮದ್ದಿಗೆ ಬಗ್ಗದಿದ್ದರೆ 4 ಗಂಟೆಯಾದರೂ ನಿಲ್ಲುತ್ತದೆ. ಮನಸ್ಸು ಬಂದರೆ 72 ಗಂಟೆ.

ಆಗ ಬರುವ ಸಲಹೆಗಳನ್ನು ಬರೆಯುತ್ತ ಕೂತರೆ ನನಗೂ ತಲೆ ಸಿಡಿಯುತ್ತದೆ. ಪಿತ್ತ ಅಂತ ಒಬ್ಬರು, ದೃಷ್ಟಿ ಅಂತ ಇನ್ನೊಬ್ಬರು. "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?" ಎನ್ನುವುದು ಓರಗಿತ್ತಿಯ ವರಸೆ. ಚರಕಸಂಹಿತೆಯಲ್ಲೇ ಇದಕ್ಕೆ ಅರ್ಧಾವಭೇದಕ ಎಂಬ ಹೆಸರಿದೆ. ಓರಗಿತ್ತಿ ಚರಕನಿಗಿಂತ ಹಿರಿಯರಿರಬೇಕು.

ಯಾವ ದಿನ ಬಂತು, ಏನು ನುಂಗಿದಿರಿ, ಬರೆದಿಟ್ಟುಕೊಂಡು ಬನ್ನಿ ಎಂದು ನರರೋಗದ ಡಾಕ್ಟರು ಹೇಳಿದ್ದರು. ಅತ್ತೆ ಗೋಡೆಯ ಮೇಲಿದ್ದ ಬೆಂಗಳೂರು ಪ್ರೆಸ್ ಕ್ಯಾಲೆಂಡರನ್ನೇ ಮೊಳೆಯಿಂದ ಬಿಚ್ಚಿ, ಸುತ್ತಿ, ಕಂಕುಳಲ್ಲಿಟ್ಟುಕೊಂಡು ಹೋದರು. ಡಾಕ್ಟರು ಮೇಜಿನ ಮೇಲೆ ಹರಡಿಕೊಂಡು ಓದಿದರು: "ಹಾಲು ಅರ್ಧ ಲೀಟರ್ ಜಾಸ್ತಿ. ತಲೆ, ಎಡಗಡೆ. ಗುಳಿಗೆ 2. ಗ್ಯಾಸ್ ಬಂತು." ಏಕಾದಶಿಯ ಮನೆಗಳಲ್ಲೆಲ್ಲ 'ತಲೆ'. ಹೊಟ್ಟೆ ಖಾಲಿ ಬಿಟ್ಟರೆ ಓಡಿಬರುವ ನೆಂಟ ಇದು ಎಂದು ಅಲ್ಲೇ ಗೊತ್ತಾಯಿತು. ಗುಳಿಗೆ ನುಂಗಿದ ದಿನಗಳನ್ನು ಎಣಿಸಿದರೆ ತಿಂಗಳಿಗೆ 17!

"ಅಮ್ಮಾ, ತಿಂಗಳು ತಿಂಗಳೂ 15 ದಿನ ನೋವಿನ ಗುಳಿಗೆ ನುಂಗ್ತಾ ಹೋದ್ರೆ, ಆ ಗುಳಿಗೆಯೇ ತಲೆನೋವು ತರುತ್ತೆ."

ಕಾವಲುಗಾರನೇ ಕನ್ನ ಹಾಕಿದ ಸುದ್ದಿ ಕೇಳಿದವರಂತೆ ಅತ್ತೆ ಕೂತುಬಿಟ್ಟರು.

ಮಾವನಿಗೆ ಸಿಕ್ಕಿದ್ದು ಬೇರೆ. ಸಿಟ್ಟು ಬಂದರೆ ಅತ್ತೆಗೆ ತಲೆನೋವು, ಆ ಸಿಟ್ಟಿಗೆ ಕಾರಣ ತಾನು ಎಂದು 30 ವರ್ಷ ನಂಬಿ, ಒದ್ದೆ ಟವೆಲನ್ನು ಒಂದು ದಿನವೂ ಮಂಚದ ಮೇಲೆ ಎಸೆಯದೆ ಬಾಳಿದ ಮನುಷ್ಯ. ಆಕಳಿಕೆಯ ಹಾಗೆ ಸಿಡುಕೂ ಎಷ್ಟೋ ಸಲ ಬರಲಿರುವ ನೋವಿನ ಮುನ್ಸೂಚನೆಯೇ ಎಂದು ಡಾಕ್ಟರು ಹೇಳಿದ್ದೇ ತಡ, ಮಾವನ ಬೆನ್ನು ನೆಟ್ಟಗಾಯಿತು. ಅಂದಿನಿಂದ ಅತ್ತೆ ದನಿ ಏರಿಸಿದರೆ ಸಾಕು, ಪರದೆ ಎಳೆಯಲು ಎದ್ದು ನಿಲ್ಲುತ್ತಾರೆ.

ಮೊನ್ನೆ ಮಂಚದ ಮೇಲೆ ಒದ್ದೆ ಟವೆಲ್ ಬಿದ್ದಿತ್ತು. ಅತ್ತೆ ಬಾಯಿ ತೆರೆದರು.

"ಸರೋಜಾ, ನಿಂಗೆ ತಲೆನೋವು ಹೊರಟಿರಬೇಕು. ಹೋಗು, ಮಲಕ್ಕೋ" ಎಂದರು ಮಾವ, ಅಕ್ಕರೆಯಿಂದ.

"ತಲೆ ನೆಟ್ಟಗಿದೆ. ಇದು ನನ್ನ ಸ್ವಂತ ಸಿಟ್ಟು. ಟವೆಲ್ ತೆಗೀರಿ."